ಇನ್ನೊಂದು ಸಲ ನೋಡಬೇಕು

ಹೆಣ್ಣು ನೋಡಲು ಹೋದವನನ್ನು ಹೆಣ್ಣು ಕಣ್ಣೆತ್ತಿಯೂ ನೋಡಲಿಲ್ಲ. ಅವಮಾನ ಇಷ್ಟೇ ಆಗಿದ್ದರೆ ದೇವೇಂದ್ರ ಹೇಗೋ ನುಂಗಿಕೊಳ್ಳುತ್ತಿದ್ದ. ಅವಳು ನೋಡಿದ್ದು ಪಕ್ಕದಲ್ಲಿ ಕೂತಿದ್ದ ಅವನ ಅಮ್ಮನನ್ನು. ಕಾಫಿ ಕೊಡುವಾಗ ನೋಡಿದಳು, ಕೇಸರಿಬಾತ್ ತಟ್ಟೆ ಇಡುವಾಗ ಬಗ್ಗಿ ನೋಡಿದಳು, ಬಾಗಿಲ ಹತ್ತಿರ ಹೋಗಿ ನಿಂತು ಅಲ್ಲಿಂದಲೂ ನೋಡಿದಳು.

ವನಗೂರಿನಿಂದ ಆಲೂರಿಗೆ ಬರುವ ದಾರಿಯುದ್ದಕ್ಕೂ ಅವನು ಜೀಪಿನ ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಂಡಿದ್ದ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ತೋಟ ಬಿಟ್ಟು ಬಂದಿದ್ದೇ ದೊಡ್ಡ ವಿಷಯ. ಹುಡುಗಿ ನವ್ಯಶ್ರೀ, ಹಾಸನದ ಆಸ್ಪತ್ರೆಯೊಂದರಲ್ಲಿ ಪೆಥಾಲಜಿ ಡಾಕ್ಟರು. ರೋಗಿಯನ್ನಲ್ಲ, ರೋಗಿಯ ಮೈಯಿಂದ ತೆಗೆದ ಚೂರನ್ನು ಪರೀಕ್ಷೆ ಮಾಡುವವಳು ಅಂತ ಅವಳ ಅಪ್ಪ ತಿಮ್ಮಯ್ಯ ಬಿಡಿಸಿ ಹೇಳಿದರು.

"ಏನಾರ ಕೇಳೋದಿದ್ರೆ ಕೇಳವ್ವ, ನಾಚ್ಕೋಬ್ಯಾಡ," ಎಂದು ಮಗಳಿಗೂ ಹೇಳಿದರು.

ನವ್ಯಶ್ರೀ ಕೇಳಿಯೇಬಿಟ್ಟಳು. ಹುಡುಗನನ್ನಲ್ಲ.

"ಅಮ್ಮ, ನಿಮಗೆ ಮೈ ಕಡಿತ ಐತಾ? ಮೂತ್ರ ಹಳದಿ ಹೋಗ್ತಾ ಐತಾ?"

ದೇವೇಂದ್ರನ ಸೋದರತ್ತೆ ಕಲ್ಯಾಣಮ್ಮನ ಚಮಚ ಬಾಯಿಯ ಹತ್ತಿರವೇ ನಿಂತಿತು. ಹುಡುಗಿಗೆ ಹಾಡು ಬರುತ್ತಾ ಅಂತ ಕೇಳಲು ಆಕೆ ಆಗಿನಿಂದ ಕಾಯುತ್ತಿದ್ದಳು.

"ಹೆಣ್ಣು ನೋಡಕ್ಕೆ ಹೋದ್ರೆ ಉಚ್ಚೆ ಬಣ್ಣ ಕೇಳ್ತಾಳಲ್ಲೋ!" ವಾಪಸು ಬರುವಾಗ ಕಲ್ಯಾಣಮ್ಮನ ಬಾಯಿಗೆ ಬೀಗವೇ ಇರಲಿಲ್ಲ. "ಬ್ಯಾಡವೇ ಬ್ಯಾಡ ಈ ಸಂಬಂಧ."

ಬಾಳ್ಳುಪೇಟೆ ದಾಟಿದ ಮೇಲೆ ಅಮ್ಮ ರಾಜಲಕ್ಷ್ಮಮ್ಮ ಮೆಲ್ಲಗೆ ಬಾಯಿಬಿಟ್ಟರು. "ಅವ್ಳು ಕೇಳಿದ್ದು ನಿಜ ಕಣೋ ಮಗ. ರಾತ್ರಿಯೆಲ್ಲ ಕಡಿತ. ಊಟಾನೂ ಸೇರ್ತಿಲ್ಲ."

ದೇವೇಂದ್ರ ಜೀಪು ಪಕ್ಕಕ್ಕೆ ಹಾಕಿ ಅಮ್ಮನ ಮುಖವನ್ನು ಬಿಸಿಲಿಗೆ ತಿರುಗಿಸಿದ. ಕಣ್ಣಿನ ಬಿಳಿಯಲ್ಲಿ ಅರಿಶಿನ ಕಲಸಿದ ಹಾಗಿತ್ತು. ದಿನಾ ಎದುರು ಕೂತು ಊಟ ಮಾಡುವ ಮಗನಿಗೆ ಕಾಣದ್ದು, ಒಂದು ಲೋಟ ಕಾಫಿ ಕೊಡುವಷ್ಟರಲ್ಲಿ ಅವಳಿಗೆ ಕಂಡಿತ್ತು. ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು.

*

ಕಾಮಾಲೆಗೆ ಸೊಪ್ಪಿನ ಔಷಧಿ ಕುಡಿಸೋಣ ಎಂದ ಅತ್ತೆಯನ್ನು ಮನೆಯಲ್ಲೇ ಬಿಟ್ಟು ಅವನು ಅಮ್ಮನನ್ನು ಹಾಸನಕ್ಕೆ, ನವ್ಯಶ್ರೀ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋದ. ಸ್ಕ್ಯಾನಿನಲ್ಲಿ ಗಡ್ಡೆಯಂಥದ್ದು ಕಂಡಿತು. ಹೊಟ್ಟೆಯ ಹಿಂದೆ ಅಡಗಿರುವ ಪ್ಯಾಂಕ್ರಿಯಾಸ್ ಎಂಬ ಗ್ರಂಥಿಯಲ್ಲಿ.

ಬಾಯಿಯಿಂದ ಟ್ಯೂಬು ಇಳಿಸಿ ಸೂಜಿಯಲ್ಲಿ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಆಪರೇಷನ್ ಮಾಡುವ ಡಾಕ್ಟರಿಗೆ ಕ್ಯಾನ್ಸರ್ ಎಂಬ ಅನುಮಾನ ಬಲವಾಗಿತ್ತು. "ದೊಡ್ಡ ಆಪರೇಷನ್. ಆದ್ರೆ ಕಾಯೋದು ಒಳ್ಳೇದಲ್ಲ," ಎಂದರು.

ಮಾರನೆಯ ದಿನ ಲ್ಯಾಬಿನ ಮುಂದೆ ನವ್ಯಶ್ರೀ ಸಿಕ್ಕಳು. ಬಿಳಿ ಕೋಟು, ಎಣ್ಣೆ ಕಾಣದ ಜಡೆ. ಬೆರಳ ತುದಿಯಲ್ಲಿ ನೇರಳೆ ಬಣ್ಣದ ಕಲೆ.

"ರಿಪೋರ್ಟಿಗೆ ನಾನು ಸೈನ್ ಮಾಡಲ್ಲ. ಸಂಬಂಧದ ಮಾತು ನಡೆದಿರೋ ಮನೆಯವರದ್ದು ಅಂತ ಹೇಳಿ ನಮ್ಮ ಸೀನಿಯರ್ ಮೇಡಂಗೆ ಒಪ್ಪಿಸಿದೀನಿ," ಎಂದಳು.

"ಮಾತು ಇನ್ನೂ ನಡೀತಾ ಐತಾ?" ದೇವೇಂದ್ರನ ಬಾಯಿಂದ ಜಾರಿಬಿಟ್ಟಿತು.

ಅವಳ ಕಿವಿ ಕೆಂಪಗಾಯಿತು. ಉತ್ತರ ಕೊಡುವ ಬದಲು ಒಳಗೆ ಕರೆದು ಕಂಪ್ಯೂಟರ್ ತೋರಿಸಿದಳು. ಅಮ್ಮನ ಮೈಯ ದಾರದಂಥ ಚೂರು ಪರದೆ ತುಂಬ ಹರಡಿತ್ತು, ಮೇಲೆ ಬಣ್ಣ ಬಳಿದಿತ್ತು.

"ಇದು ಎಐ. ನಮ್ಮಲ್ಲಿ ಇನ್ನೂ ಪ್ರಯೋಗದಲ್ಲಿದೆ. ಹಸಿರು ಅಂದ್ರೆ ಪರವಾಗಿಲ್ಲ, ಕೆಂಪು ಅಂದ್ರೆ ಕ್ಯಾನ್ಸರ್ ಇರಬಹುದು."

"ಇದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಹಳೇ ಸ್ಯಾಂಪಲ್‌ಗಳ ಮೇಲೆ ನಾವೇ ಗೆರೆ ಎಳೆದು, ಇದು ಇಂಥದ್ದು ಅಂತ ಸಾವಿರ ಸಲ ತೋರಿಸ್ತೀವಿ."

"ತೋಟಕ್ಕೆ ಹೊಸಬರು ಬಂದ್ರೆ ಯಾವ ಹಣ್ಣು ಕುಯ್ಯಬೇಕು ಅಂತ ತೋರಿಸ್ತೀವಲ್ಲ, ಹಂಗೆ." ಅವನು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದ. "ಕೆಂಪು ಅಲ್ಲೊಂದು ಇಲ್ಲೊಂದು ಚುಕ್ಕಿ ಅಷ್ಟೇ. ಇಷ್ಟೊಂದು ಬೂದು ಬಣ್ಣ ಯಾಕೆ?"

ನವ್ಯಶ್ರೀ ಅವನತ್ತ ತಿರುಗಿದಳು. ಇದುವರೆಗೆ ಅವಳನ್ನು ನೋಡಲು ಬಂದವರೆಲ್ಲ ಸಂಬಳ ಕೇಳಿದ್ದರು, ಮದುವೆಯಾದ ಮೇಲೆ ಕೆಲಸ ಬಿಡುತ್ತೀಯಾ ಎಂದು ಕೇಳಿದ್ದರು. ಅವಳ ಕೆಲಸದೊಳಗೆ ಇಣುಕಿ ಯಾಕೆ ಎಂದವನು ಇವನೊಬ್ಬನೇ.

"ಬೂದು ಅಂದ್ರೆ ಗೊತ್ತಿಲ್ಲ ಅಂತ. ಚೂರಿನಲ್ಲಿ ಬರೀ ರಕ್ತ ಬಂದಿದೆ, ಸ್ಯಾಂಪಲ್ ಸಾಲದು. ಇನ್ನೊಂದು ಸಲ ನೋಡಬೇಕು ಅಂತಿದೆ."

"ಗೊತ್ತಿಲ್ಲ ಅನ್ನಕ್ಕೆ ಮಿಶಿನ್‌ಗೆ ನಾಚ್ಕೆ ಆಗಲ್ವಾ?"

"ಆಗದ ಹಾಗೆ ಕಲಿಸಿದೀವಿ. ಮನುಷ್ಯರಿಗೆ ಕಲಿಸೋದೇ ಕಷ್ಟ."

ಅವನು ನಕ್ಕ. ನಗು ನಿಂತ ಮೇಲೆ, ಕೇಳಲೇಬೇಕಾದ್ದನ್ನು ಕೇಳಿದ. "ನಮ್ಮಮ್ಮನಿಗೆ ಕ್ಯಾನ್ಸರಾ?"

ಹಿಂದೆ ಮೇಡಂ ಇದ್ದರು, ಮುಂದೆ ಅವನ ಕಣ್ಣು. ಧೈರ್ಯ ಹೇಳಿಬಿಡುವುದು ಸುಲಭವಿತ್ತು.

"ನನಗೂ ಗೊತ್ತಿಲ್ಲ," ಎಂದಳು ನವ್ಯಶ್ರೀ. "ಆ ಗ್ರಂಥಿಯನ್ನ ಮೈಯೇ ಪರಕೀಯ ಅಂದ್ಕೊಂಡು ಊದಿಸೋ ಕಾಯಿಲೆ ಒಂದಿದೆ, ಮಾತ್ರೆಗೆ ವಾಸಿಯಾಗುತ್ತೆ. ಕ್ಯಾನ್ಸರಿನ ಹಾಗೇ ಕಾಣುತ್ತೆ. ಯಾವುದು ಅಂತ ಹೇಳಬೇಕಾದ್ರೆ ಇನ್ನೊಂದು ಸಲ ಚುಚ್ಚಬೇಕು. ಕ್ಯಾನ್ಸರೇ ಆಗಿದ್ರೆ ಅಷ್ಟು ದಿನ ತಡ ಆಗುತ್ತೆ. ಅದನ್ನೂ ಹೇಳಬೇಕು ನಿಮಗೆ."

*

ವಾರ್ಡಿಗೆ ಬಂದಿದ್ದ ಕಲ್ಯಾಣಮ್ಮ ಸಿಡಿದೆದ್ದಳು. "ಇನ್ನೊಂದ್ಸಲ ಚುಚ್ಚದಾ? ಅವ್ಳು ಕಣ್ಣು ಹಾಕಿದ್ದಕ್ಕೇ ಇಷ್ಟೆಲ್ಲ ಆಗಿದ್ದು!"

ರಾಜಲಕ್ಷ್ಮಮ್ಮ ದಿಂಬಿಗೆ ಒರಗಿ ಮಗನನ್ನು ಕೇಳಿದರು. "ಆ ಹುಡ್ಗಿ ಏನಂದ್ಲು?"

"ಗೊತ್ತಿಲ್ಲ ಅಂದ್ಲಮ್ಮ."

"ಮಿಶಿನ್ನು?"

"ಅದೂ ಗೊತ್ತಿಲ್ಲ ಅಂತು."

"ಎಲ್ಲಾರೂ ನಂಗೆ ಒಂದೊಂದ್ ಕಾಯ್ಲೆ ಹೇಳ್ಬುಟ್ರು. ಗೊತ್ತಿಲ್ಲ ಅಂದೋಳು ಅವ್ಳೊಬ್ಳೇ. ಚುಚ್ಚಲಿ ಬುಡು ಕಣೋ, ಹೊಟ್ಟೆ ನಂದು ತಾನೆ?"

ಆಪರೇಷನ್ ಡಾಕ್ಟರೂ ಒಪ್ಪಿದರು. ಈ ಸಲ ಸೂಜಿ ದಪ್ಪನೆಯದು. ಕಾಯುವ ಆ ದಿನಗಳಲ್ಲಿ ದೇವೇಂದ್ರ ತೋಟಕ್ಕೂ ಹಾಸನಕ್ಕೂ ಓಡಾಡಿದ. ಸಂಜೆ ಕ್ಯಾಂಟೀನಿನಲ್ಲಿ ನವ್ಯಶ್ರೀ ಜತೆ ಕೂತಾಗ ಅವನ ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ. ಮಿಶಿನ್ನು ತಪ್ಪು ಹೇಳಿದರೆ ಯಾರು ಬಯ್ಯುತ್ತಾರೆ? ಅವಳು ಮಿಶಿನ್ನಿನ ಜತೆ ಜಗಳ ಆಡುತ್ತಾಳಾ? ಅವಳು ತಾಳ್ಮೆಯಿಂದ ಉತ್ತರಿಸುತ್ತಿದ್ದಳು. ಅವನು ಬರದ ದಿನ ಬಾಗಿಲಿನ ಕಡೆ ನೋಡುತ್ತಿದ್ದಳು ಎಂದು ಕ್ಯಾಂಟೀನಿನ ರುದ್ರಯ್ಯ ಅವನ ಕಿವಿಯಲ್ಲಿ ಹೇಳಿದ್ದೂ ಆಯಿತು.

ರಿಪೋರ್ಟ್ ಬಂದ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಬನ್ನಿ," ಎಂದಳು ಅಷ್ಟೇ. ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ.

ಮೇಜಿನ ಮೇಲೆ ಇಬ್ಬರು ಎದುರುಬದುರು ಕೂತು ಒಂದೇ ಗಾಜಿನ ಚೂರನ್ನು ನೋಡುವ ಮೈಕ್ರೋಸ್ಕೋಪ್ ಇತ್ತು. ಬಗ್ಗಿದಾಗ ಅವಳ ಮುಂಗೂದಲು ಅವನ ಹಣೆಗೆ ಸೋಕಿತು. ಒಳಗೆ ಗುಲಾಬಿ ಎಳೆಗಳು ಸುಳಿ ಸುಳಿಯಾಗಿ ಸುತ್ತಿದ್ದವು, ನಡುವೆ ನೇರಳೆ ಚುಕ್ಕಿಗಳು.

"ಈ ಸುಳಿ ಕಾಣ್ತಾ ಇದೆಯಾ? ಆವತ್ತು ಹೇಳಿದ್ನಲ್ಲ, ಆ ಊದೋ ಕಾಯಿಲೆಯ ಗುರುತು ಇದು. ಈ ಸಲ ಎಐ ಎಲ್ಲೂ ಕೆಂಪು ಹಾಕಿಲ್ಲ. ಮೇಡಂ ಇದನ್ನ ನೋಡಿ, ರಕ್ತದ ಪರೀಕ್ಷೆಯನ್ನೂ ನೋಡಿ ಸೈನ್ ಮಾಡಿದ್ರು." ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. "ಕ್ಯಾನ್ಸರ್ ಅಲ್ಲ. ಮಾತ್ರೆಗೆ ವಾಸಿಯಾಗೋದು."

ದೇವೇಂದ್ರ ತಲೆ ಎತ್ತಲಿಲ್ಲ. ಗುಲಾಬಿ ಎಳೆಗಳು ಕಲಸಿಹೋಗಿ ಏನೂ ಕಾಣದಾದವು. ಕೊನೆಗೆ ಕಣ್ಣೊರೆಸಿಕೊಂಡು ಕೇಳಿದ, "ನನ್ನ ಬಗ್ಗೆ ಏನನ್ಸುತ್ತೆ ನಿಮಗೆ? ಹಸಿರಾ, ಕೆಂಪಾ?"

ಈಗ ಅವಳು ಅವನನ್ನು ಪೂರ್ತಿಯಾಗಿ ನೋಡಿದಳು. ಹಣೆ, ಹುಬ್ಬು, ಒದ್ದೆ ಕಣ್ಣು.

"ಬೂದು," ಎಂದಳು ಗಂಭೀರವಾಗಿ. "ಆಲೂರಲ್ಲಿ ಸರಿಯಾಗಿ ನೋಡಲೇ ಇಲ್ಲ. ಸ್ಯಾಂಪಲ್ ಸಾಲದು."

"ಹಂಗಾದ್ರೆ?"

"ಇನ್ನೊಂದು ಸಲ ನೋಡಬೇಕು," ಎಂದು ನಕ್ಕು ಮುಖ ಮುಚ್ಚಿಕೊಂಡಳು.

*

ತೋಟವೆಲ್ಲ ಕಾಫಿ ಹೂವಿನ ವಾಸನೆಯಲ್ಲಿ ಮುಳುಗಿದ್ದಾಗ ಅವರು ಮತ್ತೆ ಆಲೂರಿಗೆ ಹೋದರು. ಅದೇ ಕುರ್ಚಿಗಳು, ಅದೇ ಕೇಸರಿಬಾತ್. ಈ ಸಲ ಕಲ್ಯಾಣಮ್ಮ ಹಾಡಿನ ವಿಷಯ ಎತ್ತಲಿಲ್ಲ. ತನ್ನ ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೇದು ಅಂತ ಕೇಳಿದಳು.

ನವ್ಯಶ್ರೀ ಹಸಿರು ಸೀರೆಯಲ್ಲಿ ಕಾಫಿ ತಂದಳು. ಅಭ್ಯಾಸಬಲ, ನೇರ ರಾಜಲಕ್ಷ್ಮಮ್ಮನ ಹತ್ತಿರ ಬಂದು ಬಗ್ಗಿ ಕಣ್ಣು ನೋಡಿದಳು. ಬಿಳಿ ಈಗ ಬಿಳಿಯಾಗಿತ್ತು.

ರಾಜಲಕ್ಷ್ಮಮ್ಮ ಅವಳ ಗಲ್ಲ ಹಿಡಿದು ಮುಖವನ್ನು ಮೆಲ್ಲಗೆ ಮಗನ ಕಡೆಗೆ ತಿರುಗಿಸಿದರು.

"ನನ್ನನ್ನ ನೋಡಿದ್ದು ಸಾಕು ಕಣವ್ವ. ಇವತ್ತಾದ್ರೂ ಅವ್ನನ್ನ ನೋಡು."