ನಜೀಬನ ಹತ್ತಿ ಮಷಿನ್

ಜೀವನದಲ್ಲಿ ನಾನು ಒಬ್ಬರನ್ನು ಗದರಿಸಿದ್ದು ಒಂದೇ ಸಲ. ಅದೂ ತಪ್ಪು ಮನುಷ್ಯನನ್ನು.

ಗಂಗಾವತಿಯ ಕಾಲುವೆ ದಂಡೆಯಲ್ಲಿ ಆಗಷ್ಟೇ ಬಿಸಿಲು ಬಿದ್ದಿತ್ತು. ಒಬ್ಬ ಯುವಕ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಹಳೆಯ ಗಾದಿಯೊಂದನ್ನು ಹಿಡಿದು ನೀರಿನಂಚಿನಲ್ಲಿ ನಿಂತಿದ್ದ. ನಾನು ಊರಿನ ಒಣಕಸ ಕೇಂದ್ರಕ್ಕೆ ಸೇರಿ ಮೂರು ವಾರವಾಗಿತ್ತು. ಬಿ.ಎಸ್ಸಿ. ಓದಿದ ಹುಡುಗಿ ಎಂದು ಮನೆಮನೆಗೆ ಹೋಗಿ ತಿಳಿಹೇಳುವ ಕೆಲಸ ಕೊಟ್ಟಿದ್ದರು. ಸುಟ್ಟುಹೋದ ಟ್ಯೂಬ್‌ಲೈಟನ್ನು ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ, ಮುಗಿದ ಸೆಲ್ಲುಗಳನ್ನು ಡಬ್ಬಿಯಲ್ಲಿ ಕೂಡಿಡಿ, ಇಷ್ಟೇ ಮಾತು. ಅದನ್ನು ಹೇಳಲು ಯಾರದಾದರೂ ಬಾಗಿಲಲ್ಲಿ ನಿಂತರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಆ ದಿನ ಮಾತ್ರ ಎಲ್ಲಿಂದ ಬಂತೋ!

"ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಹರಿಯೋ ನೀರಿಗೆ ಗಾದಿ ಒಗಿಯಾಕತ್ತೀರಿ!"

ಅವನು ತಿರುಗಿ ನೋಡಿದ. ಸಿಟ್ಟು ಬಂದಂತೆ ಕಾಣಲಿಲ್ಲ.

"ಒಗಿಯಾಕತ್ತಿಲ್ರಿ ಮೇಡಂ, ಎಳಿಯಾಕತ್ತೀನಿ. ಯಾರೋ ಪುಣ್ಯಾತ್ಮರು ಒಗದು ಹೋಗ್ಯಾರ. ಆ ಕಡಿ ತುದಿ ಹಿಡೀರಿ, ಭಾಳ ವಜ್ಜ ಐತಿ."

ಹಿಡಿದೆ. ನೀರು ಸೋರುವ ಗಾದಿಯ ಆ ತುದಿಗೆ ಅವನು, ಈ ತುದಿಗೆ ನಾನು. ದಂಡೆ ಹತ್ತುವವರೆಗೂ ನನ್ನ ಕಣ್ಣು ಚಪ್ಪಲಿ ಬಿಟ್ಟು ಮೇಲೇಳಲಿಲ್ಲ.

"ನಿಮ್ಮ ಬಾಯಿಗೆ ಅಂಜಿ ಇನ್ನ ಯಾರೂ ಈ ಕಡಿ ಬರಂಗಿಲ್ಲ ಬಿಡ್ರಿ," ಎಂದು ನಕ್ಕ.

ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ. ಅವನ ಹೆಸರು ನಜೀಬ.

ಅವನದು ಹತ್ತಿ ಹಿಂಜಿ ಗಾದಿ ಮಾಡುವ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಅವನೂ ಅವನ ತಾಯಿ ಶಾಹಜಾದಬಿಯೂ ಇಬ್ಬರೇ. ಎಲ್ಲರೂ ಫೋಮ್ ಗಾದಿ ತರತೊಡಗಿದ ಮೇಲೆ ಹಿಂಜುವ ಮಷಿನ್ ಸುಮ್ಮನೆ ನಿಂತಿತ್ತು. "ಬರೋ ತಿಂಗಳ ಇದನ್ನ ಮಾರಿ, ಹೊಸಪ್ಯಾಟ್ಯಾಗ ಲಾರಿ ಡ್ರೈವರ್ ಆಗ್ತೀನ್ರಿ," ಎಂದಿದ್ದ.

ಇತ್ತ ನಮ್ಮ ಕೇಂದ್ರಕ್ಕೆ ಗಾದಿಯೇ ದೊಡ್ಡ ತಲೆನೋವು. ಕಸದ ಟಿಪ್ಪರಿನ ಜೊತೆ ಓಡಾಡುವ ಮಾರೆವ್ವ ಅದನ್ನು ಮುಟ್ಟುತ್ತಿರಲಿಲ್ಲ. "ನನ್ನ ನಡ ಏನು ಕಬ್ಬಿಣದ್ದು ಮಾಡ್ಯಾರೇನು?" ಎನ್ನುತ್ತಿದ್ದಳು. ಜನ ಸುಡುತ್ತಿದ್ದರು, ಇಲ್ಲವೇ ಕಾಲುವೆಗೆ ಎಸೆಯುತ್ತಿದ್ದರು. ನಾನು ಮನೆಮನೆಯಲ್ಲಿ ಹೊಸ ಮಾತು ಶುರು ಮಾಡಿದೆ. "ಒಗೀಬ್ಯಾಡ್ರಿ, ಒಳಗಿನ ಹತ್ತಿ ಛಲೋ ಐತಿ. ಹಿಂಜಿಸಿದ್ರ ಹೊಸಾದು ಆಗ್ತದ." ನನ್ನ ದನಿ ದಿನದಿನಕ್ಕೆ ದೊಡ್ಡದಾಯಿತು. ಊರಿನ ಕಸ ಕಡಿಮೆಯಾಗಲಿ ಎಂಬ ಆಸೆ ಸುಳ್ಳಲ್ಲ. ಆದರೆ ಒಂದೊಂದು ಗಾದಿಯೂ ನನಗೆ ಅವನ ಅಂಗಡಿಗೆ ಹೋಗಲು ಒಂದೊಂದು ನೆಪವಾಗಿತ್ತು. ಮಾರೆವ್ವ ಬೈಯುತ್ತಲೇ ಹೊತ್ತಳು.

ಬಂದ ಗಾದಿಯನ್ನು ಬಿಚ್ಚುವ ಮೊದಲು ನಜೀಬ ಅದರ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದ.

"ಇದು ನೋಡ್ರಿ, ನಡುವ ಒಂದಽ ತಗ್ಗು. ಒಬ್ಬರಽ ಮಲಗತಿದ್ರು, ಪಾಪ. ಇದಕ್ಕ ಎರಡು ತಗ್ಗು, ಆ ಅಂಚಿಗೊಂದು, ಈ ಅಂಚಿಗೊಂದು."

"ಅಂದ್ರ?"

"ಜಗಳ ಆಡಿ ಮಕ್ಕೊಳ್ಳೋರು."

ನಗು ತಡೆಯಲು ಓಡಣಿಯ ಅಂಚನ್ನು ಬಾಯಿಗಿಟ್ಟುಕೊಂಡೆ. ಅವನು ಮತ್ತೊಂದು ಗಾದಿ ಹಾಸಿದ. ಅದರಲ್ಲಿ ಎರಡು ತಗ್ಗುಗಳು ಸರಿದು ಸರಿದು ಒಂದಾಗಿದ್ದವು. ಅವನ ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅವನು ತಲೆ ಎತ್ತಿದಾಗ, ನಾನು ನೋಡುತ್ತಿದ್ದೆ.

ಆ ಮೇಲೆ ಅವನು ನನ್ನನ್ನು ಮೇಡಂ ಎನ್ನಲಿಲ್ಲ. ಅಂಜುಮ ಎಂದ.

ನನಗೆ ಚಿಕ್ಕಂದಿನಿಂದಲೂ ಉಬ್ಬಸ. ಹತ್ತಿಯ ಧೂಳು ಎದೆಗೆ ಇಳಿಯುತ್ತಿದೆ ಎಂದು ಗೊತ್ತಿತ್ತು. ಮಾಸ್ಕ್ ಹಾಕಿಕೊಂಡೆ, ಮಾತ್ರೆ ನುಂಗಿದೆ, ಅವನಿಗೆ ಹೇಳಲಿಲ್ಲ. ಅವನು ಪ್ರತಿ ಸಲ ನೆಲಕ್ಕೆ ನೀರು ಚಿಮುಕಿಸಿ ನನಗೆ ಕೂರಲು ಜಾಗ ಮಾಡುತ್ತಿದ್ದ. ಒಂದು ದಿನ ಮಷಿನ್ನಿನ ಪಕ್ಕದಲ್ಲೇ ಉಸಿರು ಸಿಕ್ಕಿಹಾಕಿಕೊಂಡಿತು. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ, ಮೂಗಿಗೆ ನೆಬ್ಯುಲೈಸರ್. ಆ ಧೂಳಿನ ಹತ್ತಿರ ಸುಳಿಯಬೇಡ, ಆ ಧೂಳು ಮೆತ್ತಿದ ಬಟ್ಟೆ ಕೂಡ ಮನೆಯಲ್ಲಿ ಇರಕೂಡದು ಎಂದರು ಡಾಕ್ಟರು. ನಾನು ಅಲ್ಲಿದ್ದ ಎರಡು ದಿನವೂ ನಜೀಬ ಬಂದ. ಬಾಗಿಲು ದಾಟಿ ಒಳಗೆ ಬರಲಿಲ್ಲ.

ಹದಿನೈದು ದಿನದ ಮೇಲೆ ನಾನೇ ಹೋದೆ. ಅವನು ಮಷಿನ್ ನಿಲ್ಲಿಸಿ, ರಸ್ತೆ ದಾಟಿ ಬಂದು, ನನ್ನಿಂದ ಮಾರು ದೂರ ನಿಂತ.

"ನಮ್ಮಪ್ಪ ಕಡೀ ವರ್ಷ ಮಲಗಲೇ ಇಲ್ಲ ಅಂಜುಮ," ಎಂದ. "ಗ್ವಾಡಿಗೆ ಆನಿಕೊಂಡು ಕುಂತಽ ಇರತಿದ್ದ, ಉಸಿರಿಗಂತ. ಊರಿಗೆಲ್ಲಾ ಗಾದಿ ಮಾಡಿದಂವ, ಗಾದಿಗೆ ಬೆನ್ನ ಹಚ್ಚಲಿಲ್ಲ. ಅದನ್ನ ಇನ್ನೊಮ್ಮಿ ನೋಡಾಕ ನನ್ನ ಕೈಲೆ ಆಗಂಗಿಲ್ಲ."

ಅವನು ಅಂಗಡಿಯ ಕಡೆ ಕೈ ತೋರಿಸಿದ.

"ಮಷಿನ್ ಕೇಳಾಕ ರಾಯಚೂರಿಂದ ಒಬ್ಬರು ಬಂದಾರ. ನೀ ಒಂದು ಮಾತು ಹೇಳು. ಇವತ್ತಽ ಕೊಟ್ಟು ಬಿಡ್ತೀನಿ."

ನಾಲಿಗೆಯ ತುದಿಯಲ್ಲಿತ್ತು ಆ ಮಾತು. ಅಷ್ಟರಲ್ಲಿ ಅಂಗಡಿಯ ಒಳಗಿನಿಂದ ಶಾಹಜಾದಬಿ ಕೂಗಿದರು. ಅವರ ಕಣ್ಣು ಬಹುಪಾಲು ಹೋಗಿದೆ. ಬೆರಳಿನಿಂದ ಹುಡುಕಿ ಹುಡುಕಿ ಹೊಲಿಗೆ ಹಾಕುತ್ತಾರೆ.

"ಯಾರು, ನಮ್ಮ ಅಂಜುಮ ಬಂದಾಳೇನು? ಹನುಮನಹಳ್ಳಿ ಹೋಮ್‌ಸ್ಟೇದವರು ಹದಿನೆಂಟು ಗಾದಿ ಕಳಿಸ್ಯಾರ ನೋಡವ್ವ! ಎರಡು ವರ್ಷ ಕುರುಡಿ ಅಂತ ಮೂಲ್ಯಾಗ ಕುಂತಿದ್ದೆ. ನೀ ಬಂದಮ್ಯಾಲೆ ಬೆರಳಿಗೆ ಕಣ್ಣು ಬಂದ್ವು ನನಗ."

ನಿಂತುಹೋಗಿದ್ದ ಮಷಿನ್ನನ್ನು ತಿರುಗಿಸಿದವಳು ನಾನೇ. ಆ ತಿಂಗಳು ನಾನು ಮನೆಮನೆಗೆ ಹೋಗಿ ಹೇಳದೇ ಇದ್ದಿದ್ದರೆ ಅವನು ಅದನ್ನು ಮಾರಿ, ಲಾರಿ ಹತ್ತಿ, ಮೈಗೆ ಡೀಸೆಲ್ ವಾಸನೆ ಮೆತ್ತಿಕೊಂಡು ನನ್ನೆದುರು ನಿಂತಿರುತ್ತಿದ್ದ. ಆದರೆ ಆ ತಿಂಗಳು ನಾನು ಹೇಳದಿದ್ದರೆ ಅವನು ನನಗೆ ಹತ್ತಿರವೇ ಆಗುತ್ತಿರಲಿಲ್ಲ.

"ಮಾರಬ್ಯಾಡ," ಎಂದೆ.

"ಮತ್ತ ನಾವು?"

ನಾವು ಎಂಬ ಶಬ್ದ ಅವನ ಬಾಯಿಂದ ಬಂದದ್ದು ಅದೇ ಮೊದಲು. ಅಷ್ಟು ದಿನ ಅದನ್ನು ಕೇಳಬೇಕೆಂದು ಕಾದಿದ್ದೆ.

"ನಿನ್ನ ಮ್ಯಾಲೆ ನನಗ ಭಾಳ ಜೀವ ಐತಿ ನಜೀಬ. ಅದಕ್ಕಽ ಮಾರಬ್ಯಾಡ."

ಅವನು ಒಂದು ಹೆಜ್ಜೆ ಮುಂದಿಟ್ಟ. ತನ್ನ ಅಂಗಿಯನ್ನು ನೋಡಿಕೊಂಡ. ಹೆಜ್ಜೆ ಹಿಂದಕ್ಕಿಟ್ಟ. ನಾನು ಹೊರಟೆ.

ಈಗ ಗಾದಿ ಮುಟ್ಟಿಸುವ ಕೆಲಸ ಮಾರೆವ್ವನದು. ನಾನು ವಿಳಾಸ ಬರೆದ ಚೀಟಿ ಕೊಡುತ್ತೇನೆ, ಅವಳು ಹೋಗಿ ಬರುತ್ತಾಳೆ. ಮೊನ್ನೆ ಕಿಟಕಿಯಿಂದ ನೋಡಿದೆ. ಕೇಂದ್ರದ ಗೇಟಿನ ಹೊರಗೇ ನಿಂತು ಸೆರಗು ಬಿಚ್ಚಿ ಕೊಡವುತ್ತಿದ್ದಳು, ತಲೆಗೂದಲು ಬಡಿದುಕೊಳ್ಳುತ್ತಿದ್ದಳು.

"ಏನು ಮಾಡಾಕತ್ತೀ ಮಾರೆವ್ವಕ್ಕ?" ಎಂದು ಕೂಗಿ ಕೇಳಿದೆ.

"ನಿನ್ನ ಗೆಳ್ಯಾನ ಕಾಟ! ದಿನಾ ಇದಽ ಮಾತು. ಅಂಜುಮನ ಹತ್ರ ಹೋಗ್ತಿ, ಸೀರಿ ಛಲೋತ್ನಾಗ ಝಾಡಿಸ್ಕೊ, ಒಂದು ಎಳಿ ಉಳೀಬಾರದು ಅಂತಾನ."

"ಮತ್ತೇನಂದ?"

"ಮತ್ತೇನಂತಾನ? ಅಷ್ಟಽ."

ಅವಳು ಒಳಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಸೀರೆಯ ಮೇಲೆ ಹತ್ತಿಯ ಒಂದು ಎಳೆಯೂ ಇರಲಿಲ್ಲ. ನಾನು ಹುಡುಕಿ ನೋಡಿದೆ.