ಹೌದೂ ಅನ್ನಲ್ಲ, ಇಲ್ಲಾ ಅನ್ನಲ್ಲ

ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪೆನ್ನಿನ ಡಬ್ಬ ಉರುಳಿ, ಪೆನ್ನುಗಳೆಲ್ಲ ನೆಲದ ತುಂಬ ಚೆಲ್ಲಾಡಿದವು.

"ಹೇಳ್ರೀ ಮೇಡಂ! ನಾನು ಇಲ್ಲಿ ಅಡ್ಮಿಟ್ ಆಗಿದ್ನಾ? ಒಂದು ದಿನ? ಒಂದು ಗಂಟೆ?"

ಇಂಪನಾ ಪೆನ್ನುಗಳನ್ನು ನೋಡಿದಳು. ಆಮೇಲೆ ಅವನನ್ನು.

"ಮೊದ್ಲು ಅವನ್ನ ಎತ್ತಿಡಿ."

"ಏನನ್ನ?"

"ಪೆನ್ನು. ಬೀಳಿಸಿದ್ದು ನೀವು ತಾನೇ?"

ಅವನು ತಬ್ಬಿಬ್ಬಾದ. ಬಗ್ಗಿ ಒಂದೊಂದೇ ಪೆನ್ನು ಹೆಕ್ಕಿದ. ಅವನ ಬೆರಳುಗಳ ತುಂಬ ತಾಮ್ರದ ತಂತಿ ಗೀರಿದ ಗಾಯಗಳು. ಮೈಯಿಂದ ವಾರ್ನಿಶ್ ವಾಸನೆ. ಎದ್ದು ನಿಲ್ಲುವ ಹೊತ್ತಿಗೆ ಅವನ ಸಿಟ್ಟು ಅರ್ಧ ದಾರಿಯಲ್ಲೇ ಎಲ್ಲೋ ಇಳಿದುಹೋಗಿತ್ತು. ಅದನ್ನು ಮತ್ತೆ ಹತ್ತಿಸಿಕೊಳ್ಳಲು ಅವನು ದನಿ ಏರಿಸಬೇಕಾಯಿತು.

"ನನ್ನ ಹೆಸ್ರು ಸಂಗಮೇಶ್. ಊರು ಚೇಳೂರು. ಗುಬ್ಬೀಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದೀನಿ. ನಿಮ್ಮ ಈ ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಯಾವತ್ತೂ ಇರ್ಲಿಲ್ಲ. ಅಷ್ಟನ್ನ ಒಬ್ರಿಗೆ ಫೋನ್ ಮಾಡಿ ಹೇಳ್ಬೇಕು ನೀವು. ಇಲ್ಲ ಅಂತ. ಒಂದೇ ಒಂದು ಮಾತು."

"ಆಗಲ್ಲ."

"ಯಾಕಾಗಲ್ಲ?"

"ಇಲ್ಲಿ ಯಾರು ಇದಾರೆ, ಯಾರು ಇದ್ರು, ಯಾರು ಇರ್ಲಿಲ್ಲ... ಯಾವುದನ್ನೂ ಹೊರಗಡೆಯವರಿಗೆ ಹೇಳಲ್ಲ. ಹೌದೂ ಅನ್ನಲ್ಲ, ಇಲ್ಲಾ ಅನ್ನಲ್ಲ."

"ಇದ್ದೋರ ವಿಷ್ಯ ಮುಚ್ಚಿಡಿ, ಯಾರು ಬೇಡ ಅಂದ್ರು? ನಾನು ಇಲ್ದೋನು ಕಣ್ರೀ!"

ತುಮಕೂರಿನ ಹೊರವಲಯದ ಆ ಪುಟ್ಟ ಕೇಂದ್ರದಲ್ಲಿ ಇಂಪನಾ ಕೌನ್ಸೆಲರ್. ಕುಡಿದು ಬಂದವರ ಬೈಗುಳ, ಚಟ ಬಿಡಿಸಿಕೊಂಡು ಹೋಗುವವರ ಕಣ್ಣೀರು, ಎಲ್ಲ ಕಂಡವಳು. ಆದರೆ "ನಾನು ಇಲ್ಲಿರಲಿಲ್ಲ" ಎಂದು ಜಗಳಕ್ಕೆ ಬಂದವನು ಇವನೇ ಮೊದಲು.

ನಡೆದದ್ದು ಇಷ್ಟು. ಊರ್ಡಿಗೆರೆಯ ಒಂದು ಮನೆಯವರು ಸಂಗಮೇಶನಿಗೆ ಹೆಣ್ಣು ಕೊಡಲು ಒಪ್ಪಿದ್ದರು. ನಮ್ಮ ಕಡೆ ಮಾತು ಮುಗಿಯುವ ಮುಂಚೆ ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ಉಂಟಲ್ಲ? ಹುಡುಗಿಯ ಸೋದರಮಾವ ವೆಂಕಟರಂಗಯ್ಯ ಆ ಕೆಲಸಕ್ಕೆ ಹೊರಟಿದ್ದ. ಹುಡುಗ ಭಾನುವಾರ ಭಾನುವಾರ ಈ ಕೇಂದ್ರದ ಗೇಟಿನ ಹತ್ತಿರ ಕಾಣುತ್ತಾನೆ ಎಂದು ಯಾರೋ ಕಿವಿಗೆ ಹಾಕಿದರು. ಆತ ನೇರವಾಗಿ ಇಲ್ಲಿಗೇ ಬಂದ. ಇಂಪನಾ ಎಲ್ಲರಿಗೂ ಹೇಳುವಂತೆ ಅವನಿಗೂ "ಹೇಳೋಕಾಗಲ್ಲ" ಎಂದಳು. ವೆಂಕಟರಂಗಯ್ಯ ತಲೆದೂಗಿ, ಅರ್ಥವಾಯಿತು ಎಂಬಂತೆ ಛತ್ರಿ ಬಿಚ್ಚಿಕೊಂಡು ಹೋದ.

ಅವನಿಗೆ ಅರ್ಥವಾದದ್ದು ಒಂದೇ: ಹುಡುಗ ಇಲ್ಲಿದ್ದ!

"ಸಂಬಂಧ ಮುರಿದುಬಿತ್ತು ಮೇಡಂ. ನಿಮ್ಮ 'ಹೇಳೋಕಾಗಲ್ಲ'ದಿಂದ."

"ಆ ಹುಡುಗಿ ಅಂದ್ರೆ ಅಷ್ಟು ಇಷ್ಟಾನಾ?" ಇಂಪನಾಳ ದನಿ ಸ್ವಲ್ಪ ಮೆತ್ತಗಾಯಿತು.

"ಒಂದ್ಸಲ ನೋಡಿದೀನಿ. ಉಪ್ಪಿಟ್ಟು ಚೆನ್ನಾಗಿತ್ತು." ಅವನು ಮುಖ ಸಿಂಡರಿಸಿದ. "ಮದ್ವೆ ಹಾಳಾಗ್ಲಿ ಬಿಡ್ರೀ. ಅಂಗಡಿಗೆ ಬರೋ ಗಿರಾಕಿಗಳು ಈಗ ಮೋಟರ್ ಬಿಟ್ಟು ನನ್ನ ಬಾಯಿ ವಾಸನೆ ನೋಡ್ತಾರೆ!"

ಅವಳಿಗೆ ನಗು ಬಂತು. ತಡೆದುಕೊಂಡಳು.

"ನೋಡಿ ಸಂಗಮೇಶ್ ಅವರೇ. ಇವತ್ತು ನಿಮಗೆ 'ಇಲ್ಲ' ಅಂದುಬಿಟ್ಟೆ ಅಂದ್ಕೊಳ್ಳಿ. ನಾಳೆ ಇನ್ನೊಬ್ಬನ ಬಗ್ಗೆ 'ಹೇಳೋಕಾಗಲ್ಲ' ಅಂದ್ರೆ? ಜನ ಏನು ತಿಳ್ಕೋತಾರೆ? ಇಲ್ದೋರಿಗೆ ಇಲ್ಲ ಅಂತಾರೆ, ಇವನಿಗೆ ಅನ್ನಲಿಲ್ಲ, ಅಂದ್ರೆ ಇದ್ದ! ಇಲ್ದೋರ ವಿಷ್ಯದಲ್ಲಿ ನಾನು ಬಾಯಿ ಮುಚ್ಕೊಂಡ್ರೇನೇ ಇದ್ದೋರು ಉಳ್ಕೊಳ್ಳೋದು."

ಅವನು ಕೈಯಲ್ಲಿದ್ದ ಪೆನ್ನುಗಳನ್ನು ಡಬ್ಬಕ್ಕೆ ಹಾಕಿದ. ಆಮೇಲೆ ತಣ್ಣಗೆ ಕೇಳಿದ.

"ನಿಮ್ಮ ಆ ಮೌನದ ಭಾರಾನ ನಾನ್ಯಾಕ್ರೀ ಹೊರ್ಬೇಕು?"

ಇಂಪನಾ ಇನ್ನಷ್ಟು ಬಿಗಿಯಾದಳು.

"ಅಷ್ಟಿದ್ರೆ ನೀವೇ ಹೇಳ್ಬಹುದಲ್ಲ? ಗೇಟ್ ಹತ್ರ ಯಾಕೆ ನಿಂತಿದ್ರಿ ಅಂತ?"

ಅವನ ಮುಖದ ಬಣ್ಣವೇ ಬದಲಾಯಿತು. ಹೆಲ್ಮೆಟ್ ಕೈಗೆತ್ತಿಕೊಂಡ.

"ಅದು... ನಾನು ಹೇಳೋ ವಿಷ್ಯ ಅಲ್ಲ."

ಹೊರಟೇಹೋದ!

ಇಂಪನಾ ಕೂತೇ ಇದ್ದಳು. ದಿನಕ್ಕೆ ಹತ್ತು ಸಲ ತಾನು ಹೇಳುವ ಮಾತನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

*

ಭಾನುವಾರ ಅವಳಿಗೆ ರಜೆ. ಆ ವಾರ ಜೊತೆಯವಳಿಗೆ ಜ್ವರ ಬಂದು ಇವಳೇ ಹೋಗಬೇಕಾಯಿತು.

ಹಿಂದುಗಡೆ ಹೆಂಗಸರ ವಿಭಾಗ. ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಸಂಗಮೇಶ್ ಕೂತಿದ್ದ. ಪಕ್ಕದಲ್ಲಿ ಅನುಪಮಾ.

ಅನುಪಮಾ ಅಮೃತೂರಿನ ಶಾಲೆಯೊಂದರಲ್ಲಿ ಟೀಚರ್. ಹೆರಿಗೆಯ ಆಪರೇಷನ್ ಆದಮೇಲೆ ಬೆನ್ನುನೋವಿಗೆಂದು ಶುರುವಾದ ಮಾತ್ರೆ, ನೋವು ಹೋದರೂ ಅವಳನ್ನು ಬಿಟ್ಟಿರಲಿಲ್ಲ. ಕೊನೆಗೆ ಮಾತ್ರೆಯಿಲ್ಲದೆ ಕೈ ನಡುಗಿ ಬೋರ್ಡಿನ ಮೇಲೆ ಅಕ್ಷರ ಬರೆಯಲಾಗದ ಸ್ಥಿತಿ. ಬೇರೆ ಕೌನ್ಸೆಲರ್ ನೋಡಿಕೊಳ್ಳುತ್ತಿದ್ದ ಕಾರಣ, ಭಾನುವಾರ ಅವಳನ್ನು ನೋಡಲು ಬರುವ ತಮ್ಮ ಇವನೇ ಎಂದು ಇಂಪನಾಗೆ ತಿಳಿದಿರಲಿಲ್ಲ. ಗಂಡನ ಮನೆಗೆ ಗೊತ್ತಾದರೆ ಮಗುವನ್ನು ತನ್ನ ಕೈಗೆ ಕೊಡುವುದಿಲ್ಲ ಎಂದು ಅನುಪಮಾ ಒಮ್ಮೆ ಎಲ್ಲರೆದುರು ಅತ್ತಿದ್ದು ಮಾತ್ರ ನೆನಪಿತ್ತು. ಆ ಮನೆಯಲ್ಲಿ, ಸೊಸೆಗೆ ಕಾಮಾಲೆ, ತವರಿನಲ್ಲಿ ನಾಟಿ ಔಷಧಿ ತಗೊಂಡು ಪಥ್ಯದಲ್ಲಿದ್ದಾಳೆ ಎಂದು ನಂಬಿಸಲಾಗಿತ್ತು.

"ಊರ್ಡಿಗೆರೆ ಹುಡುಗಿ ಏನಾಯ್ತೋ?" ಅಕ್ಕ ಕೇಳುತ್ತಿದ್ದಳು.

"ನಾನೇ ಬೇಡ ಅಂದೆ ಕಣಕ್ಕ."

"ಯಾಕ್ಲಾ?"

"ಉಪ್ಪಿಟ್ಟಿಗೆ ಉಪ್ಪೇ ಇರ್ಲಿಲ್ಲ! ಜೀವನಪೂರ್ತಿ ಅದನ್ನ ತಿನ್ನಕ್ಕಾಯ್ತದಾ? ತಗೋ, ನಿಪ್ಪಟ್ಟು ತಿನ್ನು."

ಅನುಪಮಾ ನಕ್ಕಳು. ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು.

ಇಂಪನಾ ಕಂಬದ ಮರೆಯಲ್ಲಿ ನಿಂತುಬಿಟ್ಟಳು. ಉಪ್ಪಿಟ್ಟು ಚೆನ್ನಾಗಿತ್ತು ಎಂಬುದು ಈ ಲೋಕದಲ್ಲಿ ಅವನನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತು!

'ಹೆಸರು ಹಾಳಾದರೂ ಬಾಯಿ ಬಿಡಲಿಲ್ಲ ಇವನು... ನನಗಾದರೂ ಸಂಬಳ ಕೊಡುತ್ತಾರೆ. ಇವನಿಗೆ ಯಾರು ಏನು ಕೊಟ್ಟರು?'

ಎದೆಯೊಳಗೆ ಏನೋ ಸದ್ದಿಲ್ಲದೆ ಜಾಗ ಬದಲಾಯಿಸಿತು.

*

ಆ ವಾರವೇ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಅವನು ಎದುರಾದ. ಜೊತೆಗೆ ಅಂಗಡಿಯ ಗೆಳೆಯನೊಬ್ಬ. ಅವಳನ್ನು ಕಂಡು ಸಂಗಮೇಶನ ತುಟಿಯಲ್ಲಿ ನಗು ಮೂಡಿತು. ಅವಳು ಗೋಡೆಯನ್ನು ನೋಡಿದಂತೆ ಅವನನ್ನು ನೋಡಿ ಮುಂದೆ ನಡೆದಳು. ನಗು ಅವನ ಮುಖದಲ್ಲೇ ಒಣಗಿತು.

ಮುಂದಿನ ಭಾನುವಾರ ಅವಳು ತಾನಾಗಿ ಡ್ಯೂಟಿ ಕೇಳಿ ಹಾಕಿಸಿಕೊಂಡಿದ್ದಳು. ಅವನು ಗೇಟಿನಲ್ಲೇ ಚುಚ್ಚಿದ.

"ನಮಸ್ಕಾರ ಮೇಡಂ. ಇಲ್ಲಿ ಪರವಾಗಿಲ್ವಾ? ಮೋಟರ್ ರಿಪೇರಿಯವನ ಜೊತೆ ರೋಡಲ್ಲಿ ಮಾತಾಡಿದ್ರೆ ಮರ್ಯಾದೆ ಕಮ್ಮಿ ಆಗ್ತದೆ, ಅಲ್ವಾ?"

ಅವಳಿಗೆ ಚುರುಕ್ಕೆಂದಿತು.

"ನಿಮ್ಮ ಪಕ್ಕ ಒಬ್ರಿದ್ರು. ನಾನು ಮಾತಾಡಿಸಿದ್ರೆ ಅವರು ಏನು ಕೇಳ್ತಿದ್ರು? 'ಯಾರೋ ಅವ್ರು, ನಿಂಗೆ ಹೆಂಗೆ ಪರಿಚಯ?' ಆಗ ಏನು ಹೇಳ್ತಿದ್ರಿ?"

ಅವನು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಇಲ್ಲಿಗೆ ಬರೋ ಯಾರನ್ನೂ ನಾವು ಹೊರಗಡೆ ಮೊದಲು ಮಾತಾಡಿಸಲ್ಲ. ನನ್ನ ಪಕ್ಕದ ಬೀದಿಯವರೇ ಆದ್ರೂ ಅಷ್ಟೇ. ನೀವು ಬಂದ್ಮೇಲೆ ಕಾನೂನು ಬದಲಾಯಿಸ್ಲಾ?"

"ನಾನು ಏನೇನೋ ಅಂದ್ಕೊಂಡೆ..."

"ಅಂದ್ಕೊಳ್ಳೋದ್ರಲ್ಲಿ ನೀವೂ ಆ ಛತ್ರಿ ಯಜಮಾನರೂ ಒಂದೇ!"

ಅವನು ಜೋರಾಗಿ ನಕ್ಕುಬಿಟ್ಟ. ಆಮೇಲೆ ತಲೆ ಕೆರೆದುಕೊಂಡ.

"ಸರಿ, ನೀವು ಮೊದಲು ಮಾತಾಡಿಸಲ್ಲ. ನಾನೇ ಮಾತಾಡಿಸಿದ್ರೆ?"

"...ಆಗ ಮಾತಾಡ್ತೀನಿ."

ಅಂದಿನಿಂದ ತುಮಕೂರಿನ ಯಾವ ರಸ್ತೆಯಲ್ಲಿ ಕಂಡರೂ, ಎದುರು ಬದಿಯಿಂದಲೇ, ಬಸ್ಸಿನ ಹಾರನ್ನಿಗಿಂತ ಜೋರಾಗಿ ಕೇಳಿಬರುತ್ತಿತ್ತು: "ಇಂಪನಾ ಮೇಡಂ! ಚೆನ್ನಾಗಿದೀರಾ?"

ಟೀ ಕುಡಿಯೋಣ ಎಂದ. "ನಿಮ್ಮ ಅಕ್ಕ ಮನೆಗೆ ಹೋಗೋವರ್ಗೂ ಇಲ್ಲ" ಎಂದಳು. ಅವನು ಕಾದ. ಅನುಪಮಾ ಗುಣವಾಗಿ, ನಡುಗದ ಕೈಯಲ್ಲಿ ಚೀಲ ಹಿಡಿದು ಹೊರಟ ಮೇಲೆಯೇ ಅವರಿಬ್ಬರ ಮೊದಲ ಟೀ. ಅದು ಆರಿ ತಣ್ಣಗಾಯಿತು. ಇಬ್ಬರಿಗೂ ಮಾತು ಮುಗಿಯಲಿಲ್ಲ...

*

"ಅವನು ಅಲ್ಲಿ ಸೇರಿದ್ದನಂತೆ ಹೌದೇನೇ?"

ಕುಣಿಗಲ್ಲಿನ ಮನೆಯಲ್ಲಿ ಅಪ್ಪ ಶಿವರಾಮಯ್ಯನವರು, ಸಂಗಮೇಶನನ್ನೇ ಮದುವೆಯಾಗುತ್ತೇನೆ ಎಂದ ಮಗಳನ್ನು ಎದುರಿಗೆ ಕೂರಿಸಿಕೊಂಡಿದ್ದರು. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ ಎಂಬುದು ಅವರ ಹೆಮ್ಮೆ. ವೆಂಕಟರಂಗಯ್ಯನ ಛತ್ರಿ ಹೇಗೋ ಇಲ್ಲಿಗೂ ಬಂದು ಹೋಗಿತ್ತು.

"ಹೇಳಲ್ಲ ಅಪ್ಪ."

"ನಾನು ನಿಮ್ಮಪ್ಪ ಕಣೇ!"

"ಅದಕ್ಕೇ ಬೈಯದೇ ಹೇಳ್ತಿದೀನಿ. ಹೇಳಲ್ಲ."

"ಇಲ್ದಿದ್ರೆ ಇಲ್ಲ ಅನ್ನೋಕೆ ಏನು ಕಷ್ಟ? ಹಂಗಾದ್ರೆ ಇದ್ದ!"

ಒಂದು ಮಾತು. ನಾಲಿಗೆಯ ತುದಿಯಲ್ಲೇ ಇತ್ತು. 'ಇಲ್ಲ ಅಪ್ಪ, ಅವನಲ್ಲ...' ಅಂದುಬಿಟ್ಟರೆ ಮದುವೆ! ಆದರೆ ಅಪ್ಪ ಅಲ್ಲಿಗೆ ನಿಲ್ಲಿಸುವವರಲ್ಲ. ಹಾಗಾದರೆ ಗೇಟಿನಲ್ಲಿ ಯಾಕಿದ್ದ? ಯಾರನ್ನು ನೋಡಲು? ಅನುಪಮಾಳ ಅಮೃತೂರು ಇಲ್ಲಿಂದ ಎಷ್ಟು ದೂರ? ಒಂದು ಬಸ್ಸಿನ ದೂರ.

ಅವಳು ತುಟಿ ಕಚ್ಚಿಕೊಂಡಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಶಿವರಾಮಯ್ಯನವರ ದನಿ ಇಳಿಯಿತು.

"ಆಯ್ತು ಮಗಾ. ನೀನು ಹೇಳ್ಬೇಡ. ಅವನೇ ಬಂದು ಅವನ ಬಾಯಲ್ಲೇ ಹೇಳ್ಲಿ. ನಾನು ನಂಬ್ತೀನಿ."

*

ಬಂದರು. ಸಂಗಮೇಶನ ಜೊತೆ ಅನುಪಮಾ, ಅವಳ ಗಂಡ ಕನಕರಾಜು, ಮಡಿಲಲ್ಲಿ ಮೊಮ್ಮಗುವನ್ನು ಕೂರಿಸಿಕೊಂಡ ಅತ್ತೆ ಸಿದ್ದಗಂಗಮ್ಮ. ನಡುಮನೆಯಲ್ಲಿ ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ.

"ಸುತ್ತಿ ಬಳಸಿ ಮಾತಾಡಲ್ಲಪ್ಪ," ಶಿವರಾಮಯ್ಯನವರು ಗಂಟಲು ಸರಿಮಾಡಿಕೊಂಡರು. "ಜನ ನಿನ್ನ ಮೇಲೆ ಒಂದು ಮಾತು ಆಡ್ತಾರೆ. ನಿನ್ನ ಮುಖ ನೋಡಿದ್ರೆ ನಂಗೆ ಹಂಗನ್ಸಲ್ಲ. 'ನಾನು ಅಲ್ಲಿರ್ಲಿಲ್ಲ' ಅಂತ ಒಂದು ಮಾತು ಹೇಳು. ಇವತ್ತೇ ತಾಂಬೂಲ ಬದಲಾಯಿಸಿಬಿಡೋಣ."

"ಹೇಳು ಮತ್ತೆ, ಅದಕ್ಕೇನಂತೆ?" ಸಿದ್ದಗಂಗಮ್ಮ ಎಲೆಯ ತೊಟ್ಟು ಮುರಿಯುತ್ತಾ ಅಂದರು. "ಅಂತಾ ಜಾಗಕ್ಕೆ ಹೋಗಿ ಬಂದೋರನ್ನ ಮನೆ ಒಳಕ್ಕೆ ಯಾರು ಸೇರಿಸ್ತಾರೆ? ನಾನಂತೂ ಸೇರಿಸಕಿಲ್ಲಪ್ಪ!"

ಅನುಪಮಾಳ ಮುಖ ಬಿಳಿಚಿಕೊಂಡಿತು. ಅತ್ತೆಯ ಮಡಿಲಿನ ಮಗುವನ್ನು ನೋಡಿದಳು, ತಮ್ಮನನ್ನು ನೋಡಿದಳು. ಎದ್ದು ನಿಂತೇಬಿಟ್ಟಳು.

"ನಾನೊಂದು ಮಾತು..."

ಇಂಪನಾ ಪಾನಕದ ಲೋಟ ಹಿಡಿದು ಅವಳ ಮುಂದೆ ಬಂದಿದ್ದಳು. ಲೋಟ ಕೊಡುವ ನೆಪದಲ್ಲಿ ಬಗ್ಗಿ, ಅವಳೊಬ್ಬಳಿಗೇ ಕೇಳುವಂತೆ ಪಿಸುಗುಟ್ಟಿದಳು.

"ಹೇಳ್ಬೇಕು ಅನ್ನಿಸಿದ ದಿನ ನಿಮಗೋಸ್ಕರ ಹೇಳಿ ಅಕ್ಕ. ನಮಗೋಸ್ಕರ ಬೇಡ."

ಅನುಪಮಾ ಲೋಟ ತೆಗೆದುಕೊಂಡಳು. ಕೈ ನಡುಗಲಿಲ್ಲ. ಕೂತಳು.

"ಏನಮ್ಮ ಅದು ಮಾತು?" ಶಿವರಾಮಯ್ಯನವರು ಕೇಳಿದರು.

"ಪಾನಕ ಚೆನ್ನಾಗಿದೆ ಅಂತ," ಸಂಗಮೇಶ್ ಅಂದ. ಆಮೇಲೆ ಅವರತ್ತ ನೇರವಾಗಿ ತಿರುಗಿದ. "ಮಾವ, ನಾನೊಂದು ಕೇಳ್ತೀನಿ. 'ಇದ್ದೆ' ಅಂದ್ರೆ ಹೆಣ್ಣು ಕೊಡಲ್ವಾ?"

ಸಿದ್ದಗಂಗಮ್ಮ ಕೈಯಲ್ಲಿದ್ದ ಎಲೆ ಕೆಳಗಿಟ್ಟರು.

"ಕಾಯಿಲೆ ಬಂತು, ಹೋಗಿ ವಾಸಿ ಮಾಡಿಸ್ಕೊಂಡು ಬಂದ್ರು. ಅದು ಕಳ್ಳತನವಾ? ನಾನು ಇವತ್ತು 'ಅಯ್ಯಯ್ಯೋ ನಾನಲ್ಲ' ಅಂತ ಕೈ ತೊಳ್ಕೊಂಡು ಮದ್ವೆ ಆದ್ರೆ, ಅಲ್ಲಿದ್ದು ಬಂದೋರೆಲ್ಲ ಮನೆ ಒಳಕ್ಕೆ ಸೇರಿಸಬಾರದವರು ಅಂತ ನಾನೇ ಒಪ್ಕೊಂಡಂಗೆ. ಮೊದ್ಲು ನಂಗೂ ಗೊತ್ತಿರ್ಲಿಲ್ಲ. 'ಇಲ್ಲ ಅಂತ ಹೇಳ್ರೀ' ಅಂತ ನಿಮ್ಮ ಮಗಳ ಮುಂದೆ ಕುಣಿದಾಡ್ದೆ. ಪೆನ್ನಿನ ಡಬ್ಬ ಬೀಳಿಸ್ದೆ."

"ಎತ್ತಿಟ್ರಲ್ಲ," ಇಂಪನಾ ಮೆಲ್ಲಗೆ ಅಂದಳು.

ಅವನು ಅವಳತ್ತ ನೋಡಿದ. ತುಂಬಿದ ಮನೆಯಲ್ಲಿ ಅವರಿಬ್ಬರೇ ಇದ್ದಂತೆ...

"ಮೇಡಂ, ನಿಮ್ಮನ್ನೇ ಮದ್ವೆ ಆಗ್ಬೇಕು ಅಂತ ನಂಗೆ ಪ್ರಾಣದಷ್ಟು ಆಸೆ. ಆದ್ರೆ ಈ ಮಾತು ಹೇಳಿ ಅಲ್ಲ."

"ನಾನೂ ಆಗೋದು ನಿಮ್ಮನ್ನೇ." ಅವಳು ಅಪ್ಪನನ್ನು ದಾಟಿ ಬಂದು ಅವನ ಪಕ್ಕ ನಿಂತಳು. "ನೀವು ಈ ಮಾತು ಹೇಳಿದ್ರೆ ಆಗ್ತಿರ್ಲಿಲ್ಲ."

ಶಿವರಾಮಯ್ಯನವರು ಇಬ್ಬರ ಮುಖವನ್ನೂ ನೋಡಿದರು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದರು. ದನಿಯಲ್ಲಿ ಈಗ ಗದರಿಕೆಯಿರಲಿಲ್ಲ, ಬೇಡಿಕೆಯಿತ್ತು.

"ಊರಿನ ಬಾಯಿ ಮುಚ್ಸೋಕಪ್ಪ. ನನಗೋಸ್ಕರ ಒಂದೇ ಒಂದ್ಸಲ. ಇರ್ಲಿಲ್ಲ ಅನ್ನು, ತಟ್ಟೆ ತಗೋ."

ಸಂಗಮೇಶ್ ಇಂಪನಾಳ ಕೈ ಹಿಡಿದುಕೊಂಡ.

"ಹೇಳಲ್ಲ," ಎಂದ.