ಮೀನಿಗೆ ಊಟ ಹಾಕುವ ಹೊತ್ತು

"ಪಂಪ್ ನಿಂತಿದೆ... ಪಂಪ್!"

ಬಾಗಿಲು ತಳ್ಳಿಕೊಂಡು ನುಗ್ಗಿದವನಿಗೆ ಮೇಲುಸಿರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು!

ಅಕ್ವೇರಿಯಂ ಅಂಗಡಿಯ ಗಾಜಿನ ತೊಟ್ಟಿಗಳ ನಡುವೆ, ಮೀನಿನ ಕಾಳಿನ ಡಬ್ಬಿ ಹಿಡಿದು ನಿಂತಿದ್ದವಳು ಬೆಚ್ಚಿದಳು.

"ಯಾರ್ರೀ ನೀವು? ಪಂಪ್ ನಾನೇ ನಿಲ್ಲಿಸಿದ್ದು. ಇಲ್ಲಾಂದ್ರೆ ಮೀನಿನ ಊಟವೆಲ್ಲ ಫಿಲ್ಟರ್ ಪಾಲಾಗುತ್ತೆ!"

"ಓ... ಅದು ಗೊತ್ತಿರಲಿಲ್ಲ." ಅವನು ತನ್ನ ಬರಿಗಾಲನ್ನು ಈಗ ನೋಡಿಕೊಂಡ.

ಒಳಗಿನಿಂದ ಅಪ್ಪ ನಕ್ಕರು. "ಪುಟ್ಟೀ, ಹಿಂದಿನ ಬೀದಿಯ ರೇಡಿಯೋ ರಿಪೇರಿಯವನು. ನಿನ್ನೆ ನೀನಿಲ್ಲದಾಗ ಅದೇನೋ ಡಬ್ಬಿ ಹಾಕಿಕೊಟ್ಟ. ನನಗೆ ಕಿವಿ ಮಂದ, ಅವನ ಫೋನಿಗೇ ಕೂಗಲಿ ಅಂದೆ."

ಸೋಪಿನ ಡಬ್ಬಿಯೊಳಗೆ ಅವನೇ ಬೆಸೆದ ಪುಟ್ಟ ಸರ್ಕ್ಯೂಟ್. ಅದರ ತಂತಿಯ ತುದಿಗೆ, ಹಳೆಯ ಬಜರ್‌ನಿಂದ ಬಿಚ್ಚಿದ, ನಡುಕ ಗುರುತಿಸುವ ಹಿತ್ತಾಳೆ ಬಿಲ್ಲೆ. ರಬ್ಬರ್ ಬ್ಯಾಂಡಿನಿಂದ ಅದನ್ನು ಪಂಪಿನ ಮೈಗೆ ಬಿಗಿದಿದ್ದ. ಪಂಪಿನ ನಡುಕ ನಿಂತರೆ ಅವನ ಫೋನು ಕೂಗಬೇಕು.

ಅದರ ಅಗತ್ಯ ಅವಳಿಗಿಂತ ಚೆನ್ನಾಗಿ ಯಾರು ಬಲ್ಲರು? ಹೋದ ಬೇಸಿಗೆಯಲ್ಲಿ ಅವಳು ಊಟ ಹಾಕಿ, ಪಂಪ್ ಮತ್ತೆ ಹಾಕಲು ಮರೆತು, ಒಂದು ತೊಟ್ಟಿ ಮೀನೆಲ್ಲ... ದೇವರು ಒಪ್ಪಿಸಿದ ಜೀವಗಳು!

ಮರುದಿನವೂ ಅದೇ ಹೊತ್ತಿಗೆ ಅವನು ಓಡಿ ಬಂದ. ಆಮೇಲೆ ದಿನವೂ.

"ನಿಮ್ಮ ಡಬ್ಬಿಗೆ ಬುದ್ಧಿ ಬರೋದು ಯಾವಾಗ?"

"ಕಲೀತಾ ಇದೆ ಪಾಪ..."

ಅವನಿಗೆ ಚಿಟಿಕೆಯಷ್ಟೇ ಕಾಳು ಉದುರಿಸುವುದನ್ನು ಅವಳೇ ಕಲಿಸಿದಳು. ಊಟದ ಹೊತ್ತಿಗೆ ಮುಂಚೆ ತಲೆ ಬಾಚಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ!

ಒಂದು ದಿನ ಹಲ್ಲಿನ ಡಾಕ್ಟರ ಬಳಿಯ ನರ್ಸಕ್ಕ ಕಾಳು ಕೊಳ್ಳಲು ಬಂದರು.

"ನಮ್ಮ ಕ್ಲಿನಿಕ್ಕಿನ ಮೀನಿನ ತೊಟ್ಟಿಗೂ ಇದೇ ಡಬ್ಬಿ ಕಣೇ! ಊಟದ ಹೊತ್ತಲ್ಲಿ ತುಟಿಪಿಟಕ್ ಅನ್ನಲ್ಲ. ಕಾಲು ಗಂಟೆ ಕಾದು ಆಮೇಲೆ ಕೂಗುತ್ತೆ. ನಿಂತ ಕಾಲಲ್ಲೇ ಸರಿಮಾಡಿಕೊಟ್ಟ ಪುಣ್ಯಾತ್ಮ."

ಕಾಳಿನ ಪೊಟ್ಟಣ ಕೊಟ್ಟು ಕಳಿಸಿ, ಅವಳು ತನ್ನ ಡಬ್ಬಿಯತ್ತ ತಿರುಗಿದಳು. 'ಹಾಗಾದರೆ ನನ್ನದನ್ನೇಕೆ ಹಾಗೇ ಬಿಟ್ಟ? ಮತ್ತೆ ಮರೆಯುತ್ತೇನೆಂದು ಕಾವಲೇ?'

ಸಂಜೆ ಅವನು ಬಂದದ್ದೇ ತಡ...

"ನಾನು ಮೀನು ಸಾಯಿಸಿದವಳು ಅಂತ ಅಪ್ಪ ಹೇಳಿದಾರಲ್ವಾ? ದಿನಾ ಪರೀಕ್ಷೆ ಮಾಡೋಕೆ ಬರ್ತೀರಿ!"

"ಅಯ್ಯೋ, ಏನು ಹೇಳ್ತಿದೀರಿ..."

"ಡಬ್ಬಿ ಸರಿಮಾಡಿ. ಆಮೇಲೆ ಈ ಕಡೆ ನಿಮಗೇನೂ ಕೆಲಸ ಇರಲ್ಲ."

ಅವನು ತಲೆ ತಗ್ಗಿಸಿ ಸರಿಮಾಡಿದ. ಹೋದ.

ಮರುದಿನ ಊಟದ ಹೊತ್ತಿಗೆ ಬಾಗಿಲು ಅಲುಗಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ತಲೆ ಬಾಚಿಕೊಂಡದ್ದೇ ಬಂತು...

"ಡಬ್ಬಿಗೆ ಬುದ್ಧಿ ಬಂತು," ಅಪ್ಪ ಮೆಲ್ಲಗೆ ಅಂದರು. "ನಿಮ್ಮಿಬ್ಬರಿಗೆ ಯಾವಾಗಲೋ!"

"ಅವರಿಗೆ ಎಲ್ಲ ಹೇಳಿದ್ದು ನೀವೇ ತಾನೆ?"

"ಮಗಳ ಮರೆವನ್ನ ಬೀದಿಯವರಿಗೆ ಹೇಳ್ತಾರೇನೇ? ಒಂದು ಮಾತೂ ಹೇಳಿಲ್ಲ ತಾಯಿ."

ಹಾಗಾದರೆ... ಅವನಿಗೆ ಏನೂ ಗೊತ್ತಿರಲೇ ಇಲ್ಲ!

ಆ ಸಂಜೆ ಊಟ ಹಾಕಿ ಅವಳು ಬೇಕೆಂದೇ ಪಂಪ್ ಹಾಕಲಿಲ್ಲ. ಮೀನಿಗೆ ತೊಂದರೆಯಾಗದಿರಲೆಂದು ಪಕ್ಕದ ತೊಟ್ಟಿಯ ಗಾಳಿ ಕೊಳವೆಯನ್ನು ಇದಕ್ಕೆ ಇಳಿಸಿ, ಕಣ್ಣು ಮುಚ್ಚಿದಳು. 'ದೇವರೇ, ನನ್ನ ಮರೆವನ್ನು ಕ್ಷಮಿಸಿದ್ದೀ. ಈ ಬಾಯನ್ನೂ ಕ್ಷಮಿಸು...'

ಕಣ್ಣು ಬಿಡುವಷ್ಟರಲ್ಲಿ ಬಾಗಿಲು ತೆರೆಯಿತು.

"ಪಂಪ್... ಇನ್ನೂ ಹಾಕಿಲ್ಲ ನೀವು."

"ಕಾಲು ಗಂಟೆ ಇನ್ನೂ ತುಂಬಿಲ್ಲ, ಡಬ್ಬಿ ಕೂಗಿಲ್ಲವಲ್ಲ! ನಿಮಗೆ ಹೇಗೆ ಗೊತ್ತಾಯ್ತು?"

"ನೀವು ಸ್ವಿಚ್ ಒತ್ತದೆ ನಿಂತದ್ದು ಎದುರಿನ ಬಸ್ ನಿಲ್ದಾಣದಿಂದ ಕಾಣುತ್ತೆ."

"ಎಲ್ಲಿಗೆ ಹೊರಟಿದ್ರಿ?"

"ಎಲ್ಲಿಗೂ ಇಲ್ಲ. ದಿನಾ ಈ ಹೊತ್ತಿಗೆ ಅಲ್ಲೇ ಕೂತಿರ್ತೀನಿ." ಅವನ ಧ್ವನಿ ಇಳಿಯಿತು. "ಡಬ್ಬಿ ಮೊದಲ ದಿನವೇ ಸರಿಮಾಡಬಹುದಿತ್ತು. ಮಾಡಿದ್ರೆ... ನಿಮ್ಮನ್ನ ನೋಡೋಕೆ ನೆಪ ಇರ್ತಿರಲಿಲ್ಲ."

ಅವಳ ಕಣ್ಣು ತುಂಬಿತು. "ನಾನು ಮರೆಗುಳಿ. ನನ್ನಿಂದ ಒಂದು ತೊಟ್ಟಿ ಮೀನು ಹೋಯ್ತು. ಈಗ ಗೊತ್ತಾಯ್ತಲ್ಲ, ಇನ್ನೂ ಬರ್ತೀರಾ?"

"ನಾನು ಚಪ್ಪಲಿ ಮರೆತು ಬಂದವನು ಕಣ್ರೀ!"

ಅವಳು ಅಳುತ್ತಲೇ ನಕ್ಕಳು. ಆಗಲೇ ಅವನ ಜೇಬಿನಲ್ಲಿ ಫೋನು ಕೂಗಿತು.

"ಡಬ್ಬಿ ಈಗ ಕರೀತಾ ಇದೆ ನೋಡಿ!" ಅವನು ಫೋನು ತೋರಿಸಿದ.

"ಡಬ್ಬಿಯಲ್ಲ... ನಾನು ಕರೆದದ್ದು."

ಅವಳು ಸ್ವಿಚ್ ಒತ್ತಿದಳು. ಪಂಪ್ ನಡುಗಿತು, ಅದರ ಮೈಗಂಟಿದ ಬಿಲ್ಲೆಯೂ. ಫೋನು ಸುಮ್ಮನಾಯಿತು.

"ಮತ್ತೆ... ನಾಳೆ?" ಅವನು ಕೇಳಿದ.

"ನಾಳೆಯಿಂದ ಬಸ್ ನಿಲ್ದಾಣದಲ್ಲಿ ಕೂರಬೇಡಿ. ಒಳಗೇ ಬನ್ನಿ."